ಹಂದಿಗೆ ರೊಕ್ಕ ಯಾಕೆ ಬೇಕು?

ಕಳೆದ ಬೇಸಿಗೆಯಲ್ಲಿ ಕಲಬುರಗಿಯ ಗೆಳೆಯನೊಬ್ಬನ ಮಾಳಿಗೆ ಮೇಲೆ ಕೂತು ‘ಅನಿಮಲ್ ಫಾರ್ಮ್’ ನೋಡಿದೆವು. ಜಾರ್ಜ್ ಆರ್ವೆಲ್‌ನ ಪುಸ್ತಕ ಇಟ್ಟುಕೊಂಡು 1999ರಲ್ಲಿ ಟೀವಿಗೆ ಅಂತ ಮಾಡಿದ ಚಿತ್ರ. ಹೊಲದ ಪ್ರಾಣಿಗಳು ಯಜಮಾನನನ್ನು ಓಡಿಸುತ್ತವೆ, ಆಮೇಲೆ ಹಂದಿಗಳೇ ಹೊಸ ಯಜಮಾನರಾಗಿಬಿಡುತ್ತವೆ. ರಷ್ಯಾದ ಕ್ರಾಂತಿಯನ್ನೂ ಸ್ಟಾಲಿನ್‌ನನ್ನೂ ಅಣಕಿಸುವ ಕತೆ. ನಿಜವಾದ ಪ್ರಾಣಿಗಳ ನಡುವೆ ಜಿಮ್ ಹೆನ್ಸನ್ ಕಂಪನಿಯವರು ಮಾಡಿದ ಯಂತ್ರದ ಪ್ರಾಣಿಗಳನ್ನೂ ನಿಲ್ಲಿಸಿ, ಅವುಗಳ ಬಾಯಲ್ಲಿ ಮಾತಾಡಿಸಿದ್ದಾರೆ. ರಾತ್ರಿ ಒಂಬತ್ತಾದರೂ ಶಹಾಬಾದ್ ಪರಸಿ ಕಲ್ಲು ಇನ್ನೂ ಬಿಸಿ ಇತ್ತು. ಚಾಪೆ ಹಾಸಿ, ಅದರ ಮೇಲೆ ಕೌದಿ ಹಾಸಿ ಕೂತಿದ್ದೆವು. ಗೆಳೆಯನ ಅವ್ವನೂ ಬಂದು ಗೋಡೆಗೆ ಒರಗಿ ಕೂತರು. ಇಂಗ್ಲಿಷ್ ಬಾರದ ಅವರಿಗೆ ಮಗ ಪಕ್ಕದಲ್ಲೇ ಕೂತು ಕತೆ ಹೇಳುತ್ತಿದ್ದ.

ಬಾಕ್ಸರ್ ಅನ್ನೋ ಕುದುರೆಯನ್ನು ಗಾಡಿಗೆ ಹತ್ತಿಸಿ ಕೊಂಡೊಯ್ಯುವ ದೃಶ್ಯ ಬಂತು. ಜನ್ಮವಿಡೀ ದುಡಿದ ಕುದುರೆ. ಇನ್ನು ಕೈಲಾಗದು ಅಂದಾಗ ಹಂದಿಗಳು ಅದನ್ನು ಕಡಿಯುವವರಿಗೆ ಮಾರಿಬಿಡುತ್ತವೆ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಕೇಳಿದರು: “ಯಾರ್ ಮಾರಿದ್ರೋ ಅದಕ್ಕ?”

“ಹಂದಿ, ಅವ್ವಾ.”

“ಹಂದಿ ಯಾಕ ಮಾರ್ತದೋ ಯಪ್ಪಾ? ಅದಕ್ಕೇನ್ ರೊಕ್ಕ ಬೇಕೇನು?”

“ಅದು ಖರೇ ಹಂದಿ ಅಲ್ಲ. ಹಂದಿ ಅಂದ್ರ ನಾಯಕ ಅಂತ ತಿಳ್ಕೊ.”

“ಹಂಗಾದ್ರ ನಾಯಕನ್ನೇ ತೋರಸ್ಬೇಕಿತ್ತು. ಪಾಪ, ಹಂದಿ ಹೆಸರ್ಯಾಕ ಕೆಡಸ್ತೀರಿ?”

ನಾವೆಲ್ಲ ನಕ್ಕೆವು. ಆದರೆ ಆ ಮಾತು ನನ್ನ ತಲೆಯಿಂದ ಹೋಗಲಿಲ್ಲ. ಅವ್ವನಿಗೆ ಕತೆ ಅರ್ಥವಾಗಲಿಲ್ಲ ಅನ್ನೋ ಹಾಗಿಲ್ಲ. ಕುದುರೆಗಾಗಿ ಅತ್ತರು. ಕಾಗೆ ನರಿ ಕತೆ ಹೇಳಿಯೇ ಮಕ್ಕಳನ್ನು ಬೆಳೆಸಿದವರು. ಪ್ರಾಣಿಯ ವೇಷದಲ್ಲಿ ಮನುಷ್ಯನ ಕತೆ ಹೇಳುತ್ತಾರೆ ಅನ್ನೋದನ್ನು ಅವರಿಗೆ ನಾವು ಕಲಿಸಬೇಕಾಗಿಲ್ಲ. ಕತೆ ಹೇಳುವಾಗ ನರಿ ಮೋಸಗಾರ ಅಂದರೆ ಒಪ್ಪುವವರು, ಪರದೆ ಮೇಲೆ ಹಂದಿ ಕಂಡಾಗ ಮಾತ್ರ ಯಾಕೆ ಒಪ್ಪಲಿಲ್ಲ?

ಕಾಗದದ ಹಂದಿ, ಕ್ಯಾಮೆರಾದ ಹಂದಿ

ಪುಸ್ತಕ ಮತ್ತೆ ತೆಗೆದು ನೋಡಿದೆ. ಹಂದಿಗಳ ನಾಯಕ ನೆಪೋಲಿಯನ್ ಹೇಗಿದ್ದಾನೆ ಅಂತ ಆರ್ವೆಲ್ ಹೇಳುವುದು ತೀರಾ ಕಮ್ಮಿ. ದೊಡ್ಡ ಮೈಯ, ಉಗ್ರವಾಗಿ ಕಾಣುವ ಬರ್ಕ್‌ಶೈರ್ ಹಂದಿ, ಮಾತು ಕಮ್ಮಿ, ಅಂದುಕೊಂಡದ್ದನ್ನು ಮಾಡಿಸಿಕೊಳ್ಳುವವನು. ಹೆಚ್ಚುಕಮ್ಮಿ ಅಷ್ಟೇ. ಉಳಿದದ್ದನ್ನು ನಾವು ತುಂಬಿಕೊಳ್ಳುತ್ತೇವೆ. ಒಬ್ಬರ ನೆಪೋಲಿಯನ್‌ಗೆ ಸ್ಟಾಲಿನ್ ಮೀಸೆ ಇರುತ್ತದೆ, ಇನ್ನೊಬ್ಬರ ನೆಪೋಲಿಯನ್‌ಗೆ ಅವರ ಊರಿನ ಪಂಚಾಯ್ತಿ ಅಧ್ಯಕ್ಷರ ನಡಿಗೆ ಇರುತ್ತದೆ. ಓದುವಾಗ ಹಂದಿ ಅನ್ನೋದು ಬರೀ ಒಂದು ಹೆಸರು. ಅದರ ಹಿಂದೆ ಯಾರನ್ನು ಬೇಕಾದರೂ ನಿಲ್ಲಿಸಬಹುದು.

ಕ್ಯಾಮೆರಾಗೆ ಬರೀ ಹೆಸರು ಸಾಕಾಗುವುದಿಲ್ಲ. ಅದಕ್ಕೆ ಒಂದು ಹಂದಿ ಬೇಕು. ಆ ಹಂದಿಗೆ ರೆಪ್ಪೆಗೂದಲು ಇರುತ್ತದೆ, ಕಿವಿ ಮೇಲೆ ನೊಣ ಕೂರುತ್ತದೆ, ಮೂಗು ಒದ್ದೆ ಇರುತ್ತದೆ. ಅಷ್ಟೆಲ್ಲಾ ಕಂಡ ಮೇಲೆ ಅದು ಯಾರ ಹೆಸರಿಗೂ ನಿಲ್ಲುವುದಿಲ್ಲ. ತನ್ನ ಪಾಡಿಗೆ ತಾನಿರುವ ಜೀವ ಅದು. ಅದಕ್ಕೆ ಹಸಿವು ಗೊತ್ತು, ಭಯ ಗೊತ್ತು. ಲಂಚ ಗೊತ್ತಿಲ್ಲ. ಬಾಯಿಗೆ ಯಂತ್ರ ಕಟ್ಟಿ ಎಷ್ಟೇ ಮಾತಾಡಿಸಿದರೂ ಕಣ್ಣು ಬೇರೆಯದನ್ನೇ ಹೇಳುತ್ತದೆ.

2019ರ ‘ದಿ ಲಯನ್ ಕಿಂಗ್’ನಲ್ಲೂ ಇದೇ ತೊಂದರೆ ಆಯಿತು. ಅದು ಹೆಚ್ಚುಕಮ್ಮಿ ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ್ದು. ಆದರೂ ನಿಜದ ಸಿಂಹದ ಹಾಗೇ ಕಾಣಲಿ ಅಂತ ಹಟ ಹಿಡಿದರು. ಹಾಗೇ ಕಂಡಿತು ಕೂಡ. ಅಪ್ಪ ಸತ್ತಾಗ ಮರಿಯ ಮುಖ ನೋಡಿದರೆ ದುಃಖವೋ, ಆಕಳಿಕೆಯೋ ಗೊತ್ತಾಗುವುದಿಲ್ಲ. ಯಾಕಂದರೆ ನಿಜದ ಸಿಂಹದ ಮರಿ ಹಾಗೇ ಇರುತ್ತದೆ! ಬರೆದ ಚಿತ್ರದಲ್ಲಾದರೆ ಹುಬ್ಬು ಎಳೆದು, ತುಟಿ ಬಾಗಿಸಿ, ಮನುಷ್ಯನ ಮನಸ್ಸನ್ನು ಮುಖದ ಮೇಲೆ ತರಬಹುದು.

‘ಬೇಬ್’ ಮಾತ್ರ ಗೆದ್ದಿತು. 1995ರ ಚಿತ್ರ, ಹಂದಿಮರಿಯೇ ನಾಯಕ. ಹಂದಿಮರಿಗಳು ಬೇಗ ಬೆಳೆಯುತ್ತವೆ ಅಂತ ಒಂದೇ ಪಾತ್ರಕ್ಕೆ 48 ಮರಿಗಳನ್ನು ಬಳಸಿದ್ದರು. ಆದರೆ ಬೇಬ್ ಮುಗ್ಧ, ಹಂದಿಮರಿಯೂ ಮುಗ್ಧ. ಪಾತ್ರಕ್ಕೂ ಪ್ರಾಣಿಗೂ ಜಗಳವೇ ಇಲ್ಲ. ಜಗಳ ಶುರುವಾಗುವುದು ಪ್ರಾಣಿಯನ್ನು ಖಳನಾಯಕ ಮಾಡಲು ಹೊರಟಾಗ. ರಾಜಕೀಯದ ಕತೆ ಅಂದಮೇಲೆ ಖಳ ಇಲ್ಲದೆ ನಡೆಯುವುದಿಲ್ಲ, ಅಲ್ವಾ?

ಸಂಧಿವಿಗ್ರಹಿ ಬರೆದ ಎತ್ತಿನ ಕತೆ

ಇಷ್ಟೆಲ್ಲಾ ತಲೆ ಕೆಡಿಸಿಕೊಳ್ಳಲು ಒಂದು ಸ್ವಾರ್ಥವೂ ಇದೆ. ಅದೇ ಗೆಳೆಯನಿಗೆ ಒಂದು ಕಿರುಚಿತ್ರ ಮಾಡುವ ಹುಚ್ಚು. ಕತೆ ಪಂಚತಂತ್ರದ್ದು: ಸಂಜೀವಕ ಅನ್ನೋ ಎತ್ತು, ಪಿಂಗಳಕ ಅನ್ನೋ ಸಿಂಹ, ನಡುವೆ ದಮನಕ ಅನ್ನೋ ನರಿ. ಸ್ಕ್ರಿಪ್ಟ್ ನೀನೇ ಬರಿ ಅಂತ ನನ್ನ ಕುತ್ತಿಗೆಗೆ ಕಟ್ಟಿದ್ದಾನೆ.

ಈ ಕತೆ ಆರಿಸಿದ್ದಕ್ಕೆ ಊರಿನ ಅಭಿಮಾನವೂ ಸ್ವಲ್ಪ ಕಾರಣ. ಕನ್ನಡದಲ್ಲಿ ಪಂಚತಂತ್ರ ಬರೆದ ದುರ್ಗಸಿಂಹ ಕಲ್ಯಾಣ ಚಾಲುಕ್ಯರ ಜಯಸಿಂಹನ ಕಾಲದವನು. ಕಾಲ 1031ರ ಸುಮಾರು. ಆ ವಂಶದ ಎರಡು ರಾಜಧಾನಿಗಳೂ ನಮ್ಮ ಕಡೆಯವೇ: ಮೊದಲಿನದು ಕಾಗಿಣಾ ದಂಡೆಯ ಮಳಖೇಡ, ಆಮೇಲಿನದು ಬೀದರ್ ಜಿಲ್ಲೆಯ ಬಸವಕಲ್ಯಾಣ. ದುರ್ಗಸಿಂಹ ಬರೀ ಕವಿಯಲ್ಲ, ಸಂಧಿವಿಗ್ರಹಿ. ಯುದ್ಧ ಯಾವಾಗ, ರಾಜಿ ಯಾವಾಗ ಅಂತ ನೋಡಿಕೊಳ್ಳುವ ಮಂತ್ರಿ. ಈಗಿನ ಲೆಕ್ಕದಲ್ಲಿ ವಿದೇಶಾಂಗ ಖಾತೆ ಅನ್ನಿ. ಅಂಥವನು ಕೂತು ಸಿಂಹದ ಕಿವಿ ಕಚ್ಚುವ ನರಿಯ ಕತೆ ಬರೆಯುತ್ತಾನೆ! ತನ್ನದೇ ಆಫೀಸಿನಲ್ಲಿ ದಿನಾ ಕಾಣುತ್ತಿದ್ದ ನರಿಗಳು ಎಷ್ಟಿದ್ದವೋ. ಇದು ನನ್ನ ಊಹೆ ಅಷ್ಟೇ, ಆದರೆ ಮಜಾ ಇರುವ ಊಹೆ.

ಒಂದು ದಿನ ಸುಮ್ನೆ ಟ್ರಯಲ್ ನೋಡೋಣ ಅಂತ ಮಳಖೇಡದ ಆಚೆ ಗೆಳೆಯನ ಸಂಬಂಧಿಕರ ಹೊಲಕ್ಕೆ ಹೋದೆವು. ಅಲ್ಲೊಂದು ದೇವಣಿ ಎತ್ತು. ಬಿಳಿ ಮೈ, ಅಲ್ಲಲ್ಲಿ ಕಪ್ಪು ಮಚ್ಚೆ, ಇಳಿಬಿದ್ದ ಕಿವಿ. ಮೊಬೈಲ್ ಸ್ಟ್ಯಾಂಡಿಗೆ ಹಾಕಿ ಎದುರು ಕೂತೆವು. ನಮಗೆ ಬೇಕಾಗಿದ್ದ ಶಾಟ್ ಇದು: ನಂಬಿದ ಗೆಳೆಯ ಕೈಕೊಟ್ಟಿದ್ದಾನೆ ಅಂತ ಸಂಜೀವಕನಿಗೆ ಗೊತ್ತಾಗುವ ಕ್ಷಣ. ಎತ್ತು ಮೆಲುಕು ಹಾಕುತ್ತಿತ್ತು. ದವಡೆ ಎಡಕ್ಕೆ, ಬಲಕ್ಕೆ. ಒಂದು ಕ್ಷಣ ನಿಲ್ಲುತ್ತಿತ್ತು, ಗಂಟಲಲ್ಲಿ ಒಂದು ಉಂಡೆ ಕೆಳಗಿಳಿಯುತ್ತಿತ್ತು, ಇನ್ನೊಂದು ಮೇಲೆ ಬರುತ್ತಿತ್ತು, ಮತ್ತೆ ದವಡೆ ಶುರು. ಬಾಲ ತನ್ನ ಕೆಲಸ ತಾನು ಮಾಡುತ್ತಿತ್ತು. ಗೆಳೆಯ ಪಿಸುಗುಟ್ಟಿದ, “ನೋಡು, ಕಣ್ಣಾಗ ಎಷ್ಟ್ ದುಃಖ ಅದ.” ಹಿಂದೆ ನಿಂತಿದ್ದ ಹೊಲದ ಕಾಕಾ ತಡೆಯದೆ ಹೇಳಿದರು: “ತಮ್ಮಾ, ಅದಕ್ಕ ನೀರಡಿಕಿ ಆಗ್ಯದ. ನೀ ಅದ್ರ ಮನಸ್ನ್ಯಾಗ ಏನೇನೋ ತುಂಬ್ಲತ್ತಿ.”

ನೀರು ಕುಡಿಸಿದರು. ಕುಡಿದು ಬಂದ ಮೇಲೂ ಕಣ್ಣು ಹಾಗೇ ಇತ್ತು.

ರಾತ್ರಿ ಗೆಳೆಯ ಅದೇ ಶಾಟನ್ನು ಎರಡು ಥರ ಎಡಿಟ್ ಮಾಡಿ ಕಳಿಸಿದ. ಮೊದಲನೆಯದರಲ್ಲಿ ಎತ್ತಿನ ಮುಖ, ಆಮೇಲೆ ಗೋಡೆಗೆ ಒರಗಿಸಿಟ್ಟ ಕೊಡಲಿ. ಎರಡನೆಯದರಲ್ಲಿ ಅದೇ ಮುಖ, ಆಮೇಲೆ ಹಿಂಡಿಯ ಬುಟ್ಟಿ. ಮೊದಲನೆಯದು ನೋಡಿದರೆ ಕರುಳು ಚುರ್ ಅನ್ನುತ್ತದೆ. ಎರಡನೆಯದರಲ್ಲಿ ಅದೇ ಎತ್ತು ಆಸೆಬುರುಕ. ರಷ್ಯಾದ ಕುಲೆಶೋವ್ ಅನ್ನೋ ನಿರ್ದೇಶಕ ಸುಮಾರು ನೂರು ವರ್ಷದ ಹಿಂದೆ ಒಬ್ಬ ನಟನ ಮುಖ ಇಟ್ಟುಕೊಂಡು ಮಾಡಿದ ಆಟವೇ ಇದು. ಸಿನಿಮಾ ಕಲಿಯುವವರಿಗೆಲ್ಲಾ ಗೊತ್ತಿರುವ ಪಾಠ. ಆದರೆ ನಟನಾದರೆ ಸುಮ್ನಿರು ಅಂತ ಹೇಳಬೇಕು. ಎತ್ತು ಸಹಜವಾಗಿಯೇ ಸುಮ್ನಿರುತ್ತದೆ. ಅದರ ಪರವಾಗಿ ಕತ್ತರಿ ಹಿಡಿದವನು ಮಾತಾಡುತ್ತಾನೆ.

ಬೀದಿಯ ಹಂದಿ

ಅಷ್ಟರಲ್ಲಿ ಯಾರೋ ಸಲಹೆ ಕೊಟ್ಟರು: ಎತ್ತು ಸಿಂಹ ಎಲ್ಲಾ ಹಳೇದಾಯ್ತು, ‘ಅನಿಮಲ್ ಫಾರ್ಮ್’ ಅನ್ನೇ ನಮ್ಮ ಕಡೆಗೆ ಇಳಿಸಿ, ಕಲಬುರಗಿ ಗಲ್ಲಿಗಳಲ್ಲಿ ಹಂದಿಗಳಿಗೇನು ಬರವೇ ಅಂತ. ಬರ ಇಲ್ಲ ನಿಜ. ಆದರೆ ನನಗೆ ಅದು ಒಪ್ಪಿಗೆಯಾಗಲಿಲ್ಲ. ನಮ್ಮಲ್ಲಿ ಹಂದಿಯನ್ನು ಸಾಕಿ ಹೊಟ್ಟೆ ಹೊರೆಯುವ ಮನೆಗಳಿವೆ. ಹಂದಿ ಅನ್ನೋದನ್ನು ಅವರ ಮೇಲೆ ಬೈಗುಳವಾಗಿ ಎಸೆಯುವ ಬಾಯಿಗಳೂ ಇವೆ. ನಾನು ಪರದೆ ಮೇಲೆ ಅಧಿಕಾರದ ಹಂದಿಯನ್ನು ತೋರಿಸಿದರೆ, ನೋಡುವವರ ಕಣ್ಣಿಗೆ ಮೊದಲು ಕಾಣುವುದು ಅಧಿಕಾರವಲ್ಲ, ಆ ಓಣಿ. ಇನ್ನು ಎತ್ತು, ಆಕಳ ವಿಷಯ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲೆಂಡಿನಲ್ಲೂ ಈ ಗೊಂದಲ ಆಗಿತ್ತು, ಬೇರೆ ಕಾರಣಕ್ಕೆ. ಆರ್ವೆಲ್ 1944ರಲ್ಲಿ ಹಸ್ತಪ್ರತಿ ಹಿಡಿದು ಓಡಾಡುವಾಗ ರಷ್ಯಾ ಬ್ರಿಟನ್ನಿನ ಮಿತ್ರ. ಒಬ್ಬ ಪ್ರಕಾಶಕರು, ಆಳುವ ಜಾತಿಯಾಗಿ ಹಂದಿಗಳ ಬದಲು ಬೇರೆ ಪ್ರಾಣಿ ಇದ್ದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ ಅನ್ನೋ ಅರ್ಥದಲ್ಲಿ ಬರೆದರು. ಫೇಬರ್ ಪ್ರಕಾಶನ ಸಂಸ್ಥೆಯಲ್ಲಿದ್ದ ಟಿ.ಎಸ್. ಎಲಿಯಟ್ ಇನ್ನೂ ಮುಂದೆ ಹೋದರು: ಹಂದಿಗಳೇ ಉಳಿದವಕ್ಕಿಂತ ಬುದ್ಧಿವಂತವಲ್ಲವೇ, ಆಳಲು ಯೋಗ್ಯವೂ ಅವೇ, ಬೇಕಾಗಿದ್ದದ್ದು ಜನಹಿತ ನೋಡುವ ಹಂದಿಗಳು ಅಷ್ಟೇ ಅಂದರು. ದೊಡ್ಡ ಕವಿ. ಆದರೂ ಓದುತ್ತಾ ಓದುತ್ತಾ ಹಂದಿಯನ್ನು ಹಂದಿ ಅಂತಲೇ ಹಿಡಿದುಬಿಟ್ಟರು ಅನಿಸುತ್ತದೆ. ಪುಸ್ತಕ ಕೊನೆಗೆ 1945ರ ಆಗಸ್ಟ್‌ನಲ್ಲಿ ಬೇರೆಯವರಿಂದ ಬಂತು.

ಸಿಂಹದ ಮಾತು ಬೇಗ ಮುಗಿಸಿಬಿಡುತ್ತೇನೆ. ಸಿಂಹ, ಹುಲಿ, ಚಿರತೆ, ಕರಡಿ, ಮಂಗಗಳನ್ನು ಪ್ರದರ್ಶನಕ್ಕೆ ಬಳಸಬಾರದು ಅಂತ 1998ರಲ್ಲೇ ಕೇಂದ್ರ ಸರ್ಕಾರದ ಆದೇಶ ಬಂದಿದೆ. ಸಾಕಿದ ಪ್ರಾಣಿಗಳನ್ನಿಟ್ಟುಕೊಂಡು ಸಿನಿಮಾ ಮಾಡುವುದಾದರೂ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಮೊದಲೇ ಬೇಕು. ಕಂಪ್ಯೂಟರಿನಲ್ಲಿ ಸಿಂಹ ಮಾಡಿಸುವಷ್ಟು ರೊಕ್ಕ ನಮ್ಮ ಹತ್ತಿರ ಇಲ್ಲ. ಹಾಗಾಗಿ ಸಿಂಹವೇ ಇಲ್ಲದ ಸಿಂಹದ ಕತೆ ಆಗಬೇಕು. ಮೊದಲು ಇದು ಕೊರತೆ ಅನಿಸಿತ್ತು.

ಕರಿ ಹರಿದದ್ದು

ಕಾರ ಹುಣ್ಣಿಮೆಗೆ ಸೇಡಂ ಕಡೆಯ ಹಳ್ಳಿಗೆ ಹೋಗಿದ್ದೆ. ಎತ್ತುಗಳ ಹಬ್ಬ ಅದು. ಕೊಂಬಿಗೆ ಬಣ್ಣ, ಹಣೆಗೆ ಬಾಸಿಂಗ, ಬೆನ್ನಿಗೆ ಜೂಲು. ಸಂಜೆ ಅಗಸಿಯಲ್ಲಿ, ಅಂದರೆ ಊರ ಬಾಗಿಲಲ್ಲಿ, ಬೇವಿನ ತೋರಣ ಕಟ್ಟಿ, ಎತ್ತುಗಳನ್ನು ಓಡಿಸಿ ಅದನ್ನು ಹರಿಸುತ್ತಾರೆ. ಇದೇ ಕರಿ ಹರಿಯುವುದು. ಬಿಳಿ ಎತ್ತು ಮೊದಲು ದಾಟಿದರೆ ಹಿಂಗಾರಿ ಚೆನ್ನಾಗಿ ಬರುತ್ತದೆ, ಬಿಳಿಜೋಳ ಕೈಹಿಡಿಯುತ್ತದೆ. ಕೆಂದೆತ್ತು ದಾಟಿದರೆ ಮುಂಗಾರಿ, ಅಂದರೆ ತೊಗರಿ, ಹೆಸರು. ಹೀಗಂತ ನಂಬಿಕೆ. ಆ ಸಲ ಎರಡೂ ಒಟ್ಟಿಗೇ ನುಗ್ಗಿಬಿಟ್ಟವು. ತೋರಣ ಹರಿಯಿತು. ಯಾವುದು ಮೊದಲು ಅಂತ ಯಾರಿಗೂ ಸರಿಯಾಗಿ ಕಾಣಲಿಲ್ಲ, ಆದರೆ ಎಲ್ಲರೂ ನೋಡಿದ್ದರು.

“ಬಿಳೀದು ಮುಂದಿತ್ತು, ನಾ ಖುದ್ದ್ ನೋಡೀನಿ.”

“ಕಣ್ಣಾಗ ಮಣ್ ಬಿದ್ದಿತ್ತೇನೋ ನಿಂದು? ಕೆಂದನ ಮೂಗ್ ಮುಂದಿತ್ತು!”

ನನ್ನ ಪಕ್ಕದವರು ಮೆಲ್ಲಗೆ ಬಿಡಿಸಿ ಹೇಳಿದರು. ಬಿಳಿ ಅಂತ ಕೂಗುತ್ತಿರುವವರದ್ದೆಲ್ಲಾ ಜೋಳದ ಹೊಲ. ಕೆಂದು ಅನ್ನುವವರು ತೊಗರಿ ಬೀಜ ಆಗಲೇ ತಂದಿಟ್ಟುಕೊಂಡವರು. ವಾದ ಜೋರಾಯಿತು, ಹಿರಿಯರು ಬಂದರು, ಮೊಬೈಲಿನ ವಿಡಿಯೋ ಬಂತು, ಅದರಲ್ಲೂ ಧೂಳು ಬಿಟ್ಟು ಏನೂ ಇರಲಿಲ್ಲ. ಅಷ್ಟು ಹೊತ್ತಿಗೆ ಇಡೀ ವರ್ಷದ ಬೆಳೆ ತೀರ್ಮಾನ ಮಾಡಿದ ಎರಡೂ ಎತ್ತುಗಳು ಅಗಸಿಯಾಚೆ ನಿಂತಿದ್ದವು. ಒಂದು ಇನ್ನೊಂದರ ಕುತ್ತಿಗೆ ನೆಕ್ಕುತ್ತಿತ್ತು.

ಅಲ್ಲಿ ನಿಂತಾಗ ನನಗೆ ಸ್ಕ್ರಿಪ್ಟ್ ಸಿಕ್ಕಿತು. ನಿಜವಾದ ಎತ್ತು, ಒಂದಿಷ್ಟೂ ನಟನೆ ಮಾಡದ ಎತ್ತು, ಊರನ್ನೇ ಎರಡು ಪಕ್ಷ ಮಾಡಿತ್ತು. ಅದರ ಮುಖದಲ್ಲಿ ಯಾರೂ ಏನೂ ಹುಡುಕಲಿಲ್ಲ. ನೋಡುವವರು ತಮಗೆ ಬೇಕಾದ್ದನ್ನು ಅದರ ಮೇಲೆ ಹೇರಿದರು. ಆರ್ವೆಲ್‌ನ ಪುಸ್ತಕ ಹುಟ್ಟಿದ್ದೂ ಹೀಗೇ. 1947ರಲ್ಲಿ ಉಕ್ರೇನಿಯನ್ ಆವೃತ್ತಿಗೆ ಬರೆದ ಮುನ್ನುಡಿಯಲ್ಲಿ ಅವನೇ ಹೇಳುತ್ತಾನೆ: ಹತ್ತು ವರ್ಷದ ಆಸುಪಾಸಿನ ಹುಡುಗನೊಬ್ಬ ದೊಡ್ಡ ಗಾಡಿ ಕುದುರೆಯನ್ನು ಇಕ್ಕಟ್ಟಾದ ದಾರಿಯಲ್ಲಿ ಹೊಡೆದುಕೊಂಡು ಹೋಗುತ್ತಿದ್ದ, ಈ ಪ್ರಾಣಿಗಳಿಗೆ ತಮ್ಮ ಶಕ್ತಿ ಗೊತ್ತಾದರೆ ನಮ್ಮ ಆಟ ನಡೆಯುತ್ತದೆಯೇ ಅನಿಸಿತು ಅಂತ. ಕುದುರೆ ಏನೂ ಅನ್ನಲಿಲ್ಲ. ಅಂದುಕೊಂಡವನು ಆರ್ವೆಲ್.

ದಮನಕನಿಗೆ ಮೈ ಬೇಡ

ಈಗ ಪಂಚತಂತ್ರದ ಕತೆಗೆ ವಾಪಸ್ ಬನ್ನಿ. ಪಿಂಗಳಕ ನೀರು ಕುಡಿಯಲು ನದಿಗೆ ಬರುತ್ತಾನೆ. ಎಲ್ಲೋ ಎತ್ತು ಗುಟುರು ಹಾಕಿದ್ದು ಕೇಳುತ್ತದೆ. ಎತ್ತನ್ನು ನೋಡಿಯೇ ಇಲ್ಲ, ಬರೀ ಸದ್ದು. ಅಷ್ಟಕ್ಕೇ ಕಾಡಿನ ರಾಜ ನೀರೂ ಕುಡಿಯದೆ ವಾಪಸ್. ದಮನಕ ಅದನ್ನು ಗಮನಿಸುತ್ತಾನೆ. ಅವನ ಉದ್ಯೋಗ ಶುರುವಾಗುವುದೇ ಅಲ್ಲಿಂದ. ಆಮೇಲೆ ಇಬ್ಬರನ್ನೂ ಸ್ನೇಹಿತರನ್ನಾಗಿ ಮಾಡುತ್ತಾನೆ. ತನ್ನ ಬೆಲೆ ಕಮ್ಮಿಯಾಯಿತು ಅಂದಾಗ ಒಡೆಯುತ್ತಾನೆ. ಹೇಗೆ? ಸಿಂಹಕ್ಕೆ ಹೋಗಿ ಹೇಳುತ್ತಾನೆ, ಎತ್ತು ಕೊಂಬು ತಗ್ಗಿಸಿಕೊಂಡು ಬಂದರೆ ನಿನ್ನನ್ನು ಕೊಲ್ಲಲಿಕ್ಕೇ ಅಂತ ತಿಳಿ. ಎತ್ತಿಗೆ ಹೋಗಿ ಹೇಳುತ್ತಾನೆ, ಸಿಂಹದ ಕಣ್ಣು ಕೆಂಪಾಗಿ, ಕಿವಿ ನೆಟ್ಟಗಾಗಿ ಕಂಡರೆ ನಿನ್ನ ಕತೆ ಮುಗಿಯಿತು ಅಂತ ತಿಳಿ. ಇಬ್ಬರೂ ಹೆದರುತ್ತಾರೆ. ಹೆದರಿದ ಎತ್ತು ಕೊಂಬು ತಗ್ಗಿಸದೆ ಇನ್ನೇನು ಮಾಡುತ್ತದೆ? ಹೆದರಿದ ಸಿಂಹದ ಕಿವಿ ನೆಟ್ಟಗಾಗದೆ ಇರುತ್ತದೆಯೇ?

ಈ ಕತೆಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ಆದರೆ ಇದು ಪ್ರಾಣಿಯ ಮೈಯನ್ನು ಓದುವುದರ ಕತೆ ಅನ್ನೋದು ಹೊಳೆದದ್ದು ಈಗ. ದಮನಕ ಯಾರನ್ನೂ ಕಚ್ಚುವುದಿಲ್ಲ. ಎದುರಿಗೆ ಕಾಣುವ ಮೈಗೆ ಅರ್ಥ ಹೇಳಿಕೊಡುತ್ತಾನೆ. ಅವನು ನಮ್ಮ ಎಡಿಟರ್! ಆರ್ವೆಲ್‌ನ ಸ್ಕ್ವೀಲರ್, ಅಂದರೆ ನೆಪೋಲಿಯನ್ ಪರವಾಗಿ ಮಾತಾಡುವ ಹಂದಿ ಕೂಡ ಇದೇ ಜಾತಿ. ಕುದುರೆ ಕೊಂಡೊಯ್ದ ಗಾಡಿ ಮೇಲೆ ಕಡಿಯುವವನ ಹೆಸರು ಎಲ್ಲರ ಕಣ್ಣೆದುರೇ ಇದ್ದರೂ, ಅದು ಈಗ ಡಾಕ್ಟರ್ ಕೊಂಡ ಗಾಡಿ, ಹಳೇ ಹೆಸರು ಅಳಿಸಿಲ್ಲ ಅಷ್ಟೇ ಅನ್ನುತ್ತಾನೆ. ಉಳಿದ ಪ್ರಾಣಿಗಳು ನಂಬುತ್ತವೆ.

ಹಾಗಾಗಿ ನಮ್ಮ ಚಿತ್ರದಲ್ಲಿ ಯಾವ ಪ್ರಾಣಿಯೂ ಬಾಯಿ ಆಡಿಸುವುದಿಲ್ಲ. ಎತ್ತು ಎತ್ತಾಗಿಯೇ ಇರುತ್ತದೆ, ಮೇಯುತ್ತದೆ, ಮರಕ್ಕೆ ಕುತ್ತಿಗೆ ತಿಕ್ಕುತ್ತದೆ. ಸಿಂಹ ಕಾಣುವುದೇ ಇಲ್ಲ. ಅದು ಎಲ್ಲಿಂದ ನೋಡುತ್ತಿದೆಯೋ ಅಲ್ಲಿ ಕ್ಯಾಮೆರಾ ಇರುತ್ತದೆ, ಅಂದರೆ ಸಿಂಹದ ಜಾಗದಲ್ಲಿ ನೀವು ಕೂತಿರುತ್ತೀರಿ. ನರಿಯೂ ಇಲ್ಲ. ಒಂದು ಧ್ವನಿ ಮಾತ್ರ. ಎತ್ತು ನೊಣ ಓಡಿಸಲು ತಲೆ ಕೊಡವುತ್ತದೆ. ಧ್ವನಿ ನಿಮ್ಮ ಕಿವಿಯಲ್ಲಿ ಹೇಳುತ್ತದೆ: ನೋಡಿದ್ರಾ, ಕೊಂಬು ಹೆಂಗ ತಿರುವಿದ? ಮೊದಲು ನಗು ಬರಬೇಕು. ಹತ್ತು ನಿಮಿಷದ ಹೊತ್ತಿಗೆ ಎತ್ತು ತಲೆ ಕೊಡವಿದರೆ ನಿಮಗೇ ಸ್ವಲ್ಪ ಅಳುಕಬೇಕು. ಖಳನಾಯಕನಾಗುವ ಪಾಡು ಯಾವ ಪ್ರಾಣಿಗೂ ಬರಬಾರದು.

ಜಗಳ ಇರುವುದು ಕೊನೆಯ ದೃಶ್ಯದ್ದು. ಮೂಲದಲ್ಲಿ ಸಿಂಹ ಎತ್ತನ್ನು ಕೊಲ್ಲುತ್ತದೆ. ಇಂಥ ಕತೆಗಳ ಕೊನೆಗೆ ಬಂದಾಗ ಸಿನಿಮಾದವರ ಕೈ ನಡುಗುತ್ತದೆ. 1954ರ ಅನಿಮೇಷನ್ ‘ಅನಿಮಲ್ ಫಾರ್ಮ್’ಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ದುಡ್ಡು ಇತ್ತು, ಅದರಲ್ಲಿ ಉಳಿದ ಪ್ರಾಣಿಗಳು ಹಂದಿಗಳ ಮೇಲೆ ತಿರುಗಿಬೀಳುತ್ತವೆ. 1999ರದ್ದರಲ್ಲಿ ಹಂದಿಗಳ ರಾಜ್ಯ ಕುಸಿದು ಹೊಸ ಯಜಮಾನರು ಬರುತ್ತಾರೆ. ಪುಸ್ತಕದ ಹಾಗೆ, ಹಂದಿ ಯಾರು, ಮನುಷ್ಯ ಯಾರು ಗೊತ್ತಾಗದೆ ಹೊರಗೆ ನಿಂತು ನೋಡುವ ಪ್ರಾಣಿಗಳ ಮೇಲೆ ಮುಗಿಸಲು ಇಬ್ಬರಿಗೂ ಧೈರ್ಯ ಬರಲಿಲ್ಲ. ಗೆಳೆಯನ ಯೋಚನೆ, ಎತ್ತನ್ನು ಲಾರಿಗೆ ಹತ್ತಿಸಿ ಕಳಿಸೋಣ ಅಂತ. ನನ್ನದು ಬೇರೆ: ಎತ್ತು ಗೋದಲಿಯಲ್ಲಿ ಆರಾಮಾಗಿ ಕಣಿಕೆ ತಿನ್ನುತ್ತಿರಲಿ, ಧ್ವನಿ ಮಾತ್ರ “ಸಂಜೀವಕ ಸತ್ತ” ಅನ್ನಲಿ. ಜನ ನಗ್ತಾರೆ ಅಂತಾನೆ ಅವನು. ನಗಲಿ ಬಿಡು, ಎತ್ತು ಕಣ್ಣೆದುರೇ ಇದ್ದರೂ ಯಾರು ಯಾರು ನಗೋದಿಲ್ಲ ಅಂತ ನೋಡಬೇಕಿದೆ ನನಗೆ.

ಧ್ವನಿ ಯಾರದ್ದು ಅನ್ನೋದೂ ಇನ್ನೂ ಇತ್ಯರ್ಥವಾಗಿಲ್ಲ. ಗೆಳೆಯನಿಗೆ ನಾಟಕದ ಖಳನ ಗಡಸು ಧ್ವನಿ ಬೇಕು. ನನಗೆ ಬೇಡ. ಬಸ್ ಸ್ಟ್ಯಾಂಡಿನಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಟ್ಟು, “ಯಾವೂರ್ರೀ ನಿಮ್ದು? ಊಟ ಆಗ್ಯದಿಲ್ಲೋ?” ಅಂತ ಕೇಳುವಂಥ ಧ್ವನಿ ಹುಡುಕುತ್ತಿದ್ದೇನೆ. ಕಲಬುರಗಿ ಮಾತೇ ಆಗಿರಬೇಕು. ನಿಮಗೆ ಅಂಥವರು ಗೊತ್ತಿದ್ದರೆ ಹೇಳಿ. ಸಂಬಳ ಇಲ್ಲ, ಊಟ ಇದೆ.